ಕೂದಲಿನ ಜೀವ ಬುಡಕ್ಕೆ ಇಳಿದ ದಿನ

ಮಕ್ಕಳೇ, ಈ ನಿಮ್ಮ ಮಾವ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಮೀಸೆಯ ಮೇಲಾಣೆ. ಭೂಮಿಯ ಮಣ್ಣು ಇನ್ನೂ ಆರದಿದ್ದ ಕಾಲ. ನಾನು ಅಲ್ಲೇ ಮತ್ತಿಮರದ ಮೇಲೆ ಕೂತಿದ್ದೆ. ಚೂರೂ ಹೆದರಲಿಲ್ಲ, ನೆನಪಿಡಿ.

ಆಗ ಕೂದಲಿಗೆ ತುದಿಯವರೆಗೂ ಜೀವವಿತ್ತು. ಬೆರಳಿನಲ್ಲಿ ಹರಿಯುವ ಹಾಗೆ ಅದರಲ್ಲೂ ರಕ್ತ ಹರಿಯುತ್ತಿತ್ತು. ಬಾಚಿದರೆ ನೋವು, ಹೆಣೆದರೆ ನೋವು, ಕತ್ತರಿಸಿದರೆ ಸಾವು.

ಕೆಂಚಿ ಎಂಬ ಹುಡುಗಿ ಕುಡುಗೋಲು ಹಿಡಿದು ಕವಳೆಹಣ್ಣಿಗೆ ಹೊರಟಳು. ತಲೆ ಬಿಚ್ಚಿಕೊಂಡು ಪೊದೆಗೆ ಹೋಗಬೇಡವೆಂದು ಅವ್ವ ಎಷ್ಟೋ ಹೇಳಿದಳು. ಜಡೆ ಹಾಕಿದರೆ ನೋಯುತ್ತದೆಂದು ಕೆಂಚಿ ಕೇಳಲಿಲ್ಲ.

ಗಾಳಿಗೆ ಆ ಕೂದಲೆಂದರೆ ಪ್ರಾಣ. ಆಡುತ್ತಾ ಆಡುತ್ತಾ ಅದನ್ನು ಕವಳೆ ಪೊದೆಯ ಮುಳ್ಳಿಗೆ ಸುತ್ತಿಬಿಟ್ಟಿತು. ಬಿಡಿಸಲು ಹೋಗಿ ಇನ್ನಷ್ಟು ಸಿಕ್ಕು ಮಾಡಿತು. ಮುಳ್ಳು ಚುಚ್ಚಿದಲ್ಲೆಲ್ಲ ಕೂದಲಿನಿಂದ ರಕ್ತ ತೊಟ್ಟಿಕ್ಕಿತು.

ಆ ವಾಸನೆಗೆ ಚಿರತೆ ಬಂತು. ಎದುರಿಗೇ ಕೂತು ಮೀಸೆ ನೆಕ್ಕಿಕೊಂಡಿತು.

"ನನಗೇನೂ ಅವಸರವಿಲ್ಲ ಮಗಳೇ," ಎಂದಿತು. "ನೀನೆಲ್ಲಿಗೂ ಹೋಗುವುದಿಲ್ಲ."

ಪೊದೆಯ ಬುಡದಲ್ಲಿ ಉಂಡೆಯಾಗಿ ಬಿದ್ದಿದ್ದ ಚಿಪ್ಪುಹಂದಿ ಪಿಸುಗುಟ್ಟಿತು: "ನನ್ನ ಚಿಪ್ಪು ಕೊಡುತ್ತೇನೆ. ಅದು ಉಗುರಿನಂಥದು, ಜೀವವಿಲ್ಲದ್ದು. ಅದನ್ನು ಹೊದ್ದರೆ ಕೂದಲೂ ಸಾಯಬೇಕು, ಆಮೇಲೆ ಕತ್ತರಿಸಿದರೂ ನೋಯದು."

"ಸತ್ತರೆ ಮತ್ತೆ ಬೆಳೆಯುವುದು ಹೇಗಜ್ಜಾ?"

"ಜೀವವನ್ನು ಬುಡದ ಗೂಡಿಗೆ ಇಳಿಸಿಕೋ."

ಕೆಂಚಿ ಕಣ್ಣುಮುಚ್ಚಿ ಕೂದಲಿನ ಜೀವವನ್ನು ಬುಡಕ್ಕೆ ಕರೆದಳು. ಚಿರತೆ ಒಂದು ಹೆಜ್ಜೆ ಇಟ್ಟಿತು. ಜೀವ ಒಂದು ಗೇಣು ಇಳಿಯಿತು. ಚಿರತೆ ಇನ್ನೊಂದು ಹೆಜ್ಜೆ ಇಟ್ಟಿತು. ಜೀವ ಇನ್ನೊಂದು ಗೇಣು ಇಳಿಯಿತು. ಖಾಲಿಯಾದ ಕಡೆಯೆಲ್ಲ ಸಣ್ಣ ಸಣ್ಣ ಚಿಪ್ಪುಗಳು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತವು. ಚಿರತೆಯ ಉಸಿರು ಅವಳ ಕೆನ್ನೆಗೆ ಬಿಸಿಯಾಗಿ ತಾಗಿತು.

ಕೆಂಚಿ ಸಿಕ್ಕಿಬಿದ್ದ ಕೂದಲಿಗೆ ಕುಡುಗೋಲು ಹಾಕಿ ಎಳೆದಳು. ನೋವಿಲ್ಲ. ರಕ್ತವಿಲ್ಲ. ಎದ್ದವಳೇ ಓಡಿದಳು. ಹಾರಿದ ಚಿರತೆಯ ಬಾಯಿಗೆ ಸಿಕ್ಕಿದ್ದು ಒಂದು ಹಿಡಿ ಸತ್ತ ಕೂದಲು.

ಅದಕ್ಕೇ ಇಂದಿಗೂ ಕ್ಷೌರ ಮಾಡಿಸಿದರೆ ನೋಯುವುದಿಲ್ಲ, ಬುಡ ಹಿಡಿದು ಜಗ್ಗಿದರೆ ಕಣ್ಣಲ್ಲಿ ನೀರು. ಒಂದೇ ಎಳೆ ಹಿಡಿದು ನೋಡಿ: ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ಒರಟು. ಅದೇ ಚಿಪ್ಪು. ಗೂಡಿನೊಳಗಿನ ಜೀವಕ್ಕೆ ಮಾತ್ರ ಚಿರತೆ ಹೋಯಿತೆಂದು ಇನ್ನೂ ಯಾರೂ ಹೇಳಿಲ್ಲ. ಹೆದರಿಕೆಯಾದಾಗಲೆಲ್ಲ ಅದು ಕೂದಲನ್ನು ನೆಟ್ಟಗೆ ನಿಲ್ಲಿಸಿ ಹೊರಗೆ ಇಣುಕುತ್ತದೆ.

ಎಲ್ಲಾ ನಿಜ, ಒಂದನ್ನು ಬಿಟ್ಟು. ಹೆದರಲಿಲ್ಲ ಅಂದೆನಲ್ಲ, ಅದು ನಾನು ಸೇರಿಸಿದ್ದು. ಬೇಕಾದರೆ ಈಗ ನನ್ನ ತೋಳಿನ ಕೂದಲು ಮುಟ್ಟಿ ನೋಡಿ.