ನಾಲ್ಕು ಗಾಲಿಯ ಜೀಪು ಮತ್ತು ಎರೆಹೊಲ

“ಒಂದು ಕಡೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲವಿರುವ ಹೊಸ ಜೀಪು. ಇನ್ನೊಂದು ಕಡೆ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಬಲವಿರುವ ಹಳೆಯ ತರಕಾರಿ ಟೆಂಪೊ. ಎದುರಿಗೆ ರಾತ್ರಿಯೆಲ್ಲ ಮಳೆ ಕುಡಿದ ಎರೆಹೊಲ, ಅಂಟುವ ಕಪ್ಪು ಮಣ್ಣು. ಏನಾಗಿರಬಹುದು, ಊಹಿಸು ನೋಡೋಣ” ಎಂದರು ಗುರುಗಳು.

ಶಿಷ್ಯ ಕೇಳಿದ್ದು ಬೇರೆಯೇ. ಮರುದಿನ ಅವನ ನಲವತ್ತು ದಿನಗಳ ಉಪವಾಸ ಆರಂಭವಾಗುವುದಿತ್ತು. ಬೆಳಗಿನಿಂದ ಕೂತಲ್ಲಿ ಕೂತಿರಲಿಲ್ಲ. “ಮೊದಲ ದಿನದಿಂದಲೇ ನೀರನ್ನೂ ಬಿಡುತ್ತೇನೆ. ಇರುವ ಶಕ್ತಿಯನ್ನೆಲ್ಲ ಮೊದಲೇ ಹಾಕಿದರೆ ತಪ್ಪೇನು?” ಎಂದು ಕೇಳಿದ್ದ.

“ಜೀಪೇ ಗೆದ್ದಿರಬೇಕು” ಎಂದ ಶಿಷ್ಯ, ನಿಂತುಕೊಂಡೇ.

“ಹಾಗೆಯೇ ಎಲ್ಲರೂ ಅಂದುಕೊಂಡರು. ಕೇಳು.”

ಒಬ್ಬ ಕುರುಬ ಗೊಬ್ಬರಕ್ಕಾಗಿ ಯಾರದೋ ಎರೆಹೊಲದಲ್ಲಿ ಕುರಿ ತರುಬಿ ಮಂದೆ ಹಾಕಿದ್ದ. ಹೊಲ ರಸ್ತೆಯಿಂದ ಒಂದು ಮೈಲಿ ಒಳಗೆ. ಬೆಳಗ್ಗೆ ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಕೂಸು ಅಡ್ಡ ತಿರುಗಿದೆ, ಆಸ್ಪತ್ರೆಯೇ ಆಗಬೇಕು ಎಂದಳು ಅವನ ತಾಯಿ. ಅವನು ರಸ್ತೆಗೆ ಓಡಿಬಂದು ಕೈ ಅಡ್ಡ ಹಾಕಿದ. ತರಕಾರಿ ಮಾರುವವನ ಟೆಂಪೊ ನಿಂತಿತು. ಅದರ ಹಿಂದೆಯೇ ಬಂದ ಗುತ್ತಿಗೆದಾರನ ಜೀಪೂ ನಿಂತಿತು.

ತರಕಾರಿಯವನು ಟೆಂಪೊವನ್ನು ಹೊಲಕ್ಕಿಳಿಸಿದ. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಹಿಂದಿನ ಗಾಲಿಗಳು ಜಾರಿದವು. ಕೂಡಲೇ ಹಿಂದಕ್ಕೆ ತೆಗೆದು ರಸ್ತೆ ಸೇರಿದ.

“ನನ್ನ ಗಾಡಿ ಇಷ್ಟೇ ಯಪ್ಪಾ. ನಿಮ್ಮವರು ಹೊತ್ತು ತರಲಿ, ನಾನು ಇಲ್ಲೇ ನಿಂತಿರ್ತೀನಿ” ಎಂದ.

ಗುತ್ತಿಗೆದಾರ ನಕ್ಕ. “ಎಲೋ, ನಿನ್ನ ಗಾಡಿ ಕೊತ್ತಂಬರಿ ಹೊರೋಕೆ ಸರಿ! ಬಾರಯ್ಯ, ಹತ್ತು. ಇದು ನಾಲ್ಕು ಗಾಲೀದು.”

ಕುರುಬ ಇಬ್ಬರ ಮುಖವನ್ನೂ ನೋಡಿದ, ಜೀಪು ಹತ್ತಿದ. ಸಿಕ್ಕಿಬಿದ್ದಾಗ ಎಳೆಯಬೇಕಾದ ನಾಲ್ಕು ಗಾಲಿಯ ಲಿವರನ್ನು ಗುತ್ತಿಗೆದಾರ ರಸ್ತೆಯಂಚಿನಲ್ಲೇ ಎಳೆದ. ಜೀಪು ಗುರುಗುಟ್ಟುತ್ತ ಹೋಯಿತು, ಕುರಿಮಂದೆಯನ್ನು ಮುಟ್ಟಿಯೂ ಬಿಟ್ಟಿತು. ಅಲ್ಲಿಯವರೆಗೆ ಎಲ್ಲ ಸರಿ.

ಬಸುರಿಯನ್ನೂ ಅತ್ತೆಯನ್ನೂ ಕೂರಿಸಿಕೊಂಡು ಗುತ್ತಿಗೆದಾರ ರಸ್ತೆಯ ಕಡೆ ಹೊರಳಿದ. ಅರ್ಧ ಮೈಲಿ ಬಂದಿರಬೇಕು. ಟೈರಿನ ಹಲ್ಲುಗಳಲ್ಲಿ ಎರೆ ತುಂಬಿ ನಾಲ್ಕೂ ಬೋಳಾಗಿದ್ದವು. ಒಂದು ಜಾರಿದರೆ ಎಳೆಯಲು ಇನ್ನೊಂದಿರಬೇಕು. ಇಲ್ಲಿ ನಾಲ್ಕೂ ಒಟ್ಟಿಗೆ ಜಾರಿದವು. ಅವನು ಆಕ್ಸಿಲರೇಟರ್ ತುಳಿದ, ಜೀಪು ಇಳಿಯಿತು. ಇನ್ನೂ ತುಳಿದ, ಹೊಟ್ಟೆ ನೆಲಕ್ಕೆ ಕೂತಿತು. ಎಳೆಯಲು ಇನ್ನು ಯಾವ ಲಿವರೂ ಉಳಿದಿರಲಿಲ್ಲ. ಒಳಗೆ ಆಕೆ ಕೂಗುತ್ತಿದ್ದಳು.

ಮಂದೆಯಲ್ಲಿದ್ದ ನಾಲ್ವರು ಕುರುಬರು ಓಡಿಬಂದರು. ಕಂಬಳಿಯ ನಾಲ್ಕು ಮೂಲೆಗಳನ್ನು ಬಿದಿರಿನ ಗಳುವಿಗೆ ಕಟ್ಟಿ, ಆಕೆಯನ್ನು ಅದರಲ್ಲಿ ಮಲಗಿಸಿ, ಮೊಣಕಾಲುದ್ದ ಕೆಸರಿನಲ್ಲಿ ಹೊತ್ತು ನಡೆದರು. ಗುತ್ತಿಗೆದಾರನೂ ಗಳುವಿಗೆ ಹೆಗಲು ಕೊಟ್ಟ. ಅವನ ಬೂಟುಗಳನ್ನು ಎರೆ ಕಿತ್ತುಕೊಂಡಿತು.

ರಸ್ತೆಯಲ್ಲಿ ಟೆಂಪೊ ನಿಂತೇ ಇತ್ತು. ತರಕಾರಿಯೆಲ್ಲ ಕೆಳಗೆ ಸುರಿದಿತ್ತು, ಒಳಗೆ ಗೋಣಿಚೀಲ ಹಾಸಿತ್ತು.

“ಇನ್ನೂ ಇಲ್ಲೇ ಇದ್ದೀಯಲ್ಲೋ!” ಎಂದ ಗುತ್ತಿಗೆದಾರ.

“ಕಾಯೋದಕ್ಕೆ ಎರಡು ಗಾಲಿ ಸಾಕು ಸಾಹುಕಾರ್ರೇ. ಆಕೆಯನ್ನು ಒಳಗೆ ಮಲಗಿಸಿ ಮೊದಲು, ಬಾಗಿಲು ಹಾಕಿ.”

ಟೆಂಪೊ ಹೊರಟುಹೋಯಿತು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಕೆ ಉಳಿದಳೇ? ಆ ಜಂಬದ ಮನುಷ್ಯ ಏನಾದ? ಅಂಥವನಿಗೆ ಬುದ್ಧಿ ಬಂದಿರುತ್ತದೆಯೇ!”

ಗುರುಗಳು ಹೇಳಿದರು: “ತಾಯಿ, ಕೂಸು ಇಬ್ಬರೂ ಉಳಿದರು, ನಾನು ಜೀಪನ್ನು ಹೊಲದಲ್ಲೇ ಬಿಟ್ಟು ಬರಿಗಾಲಲ್ಲಿ ಈ ಮಠಕ್ಕೆ ನಡೆದು ಬಂದದ್ದು ಸಾವಿರದ ಒಂಬೈನೂರ ತೊಂಬತ್ತೆಂಟನೆಯ ಇಸವಿ, ಅಕ್ಟೋಬರ್ ಹದಿನೈದು, ಗುರುವಾರ.”