ತಾರಸಿ ಮೇಲಿನ ನೆಟ್ಟು

ನಮ್ಮೂರ ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸ್ತಿದ್ದ ಶಮೀಮ್ ಟೀಚರ್ ಅಂದ್ರೆ ಮಕ್ಕಳಿಗೆ ಪ್ರಾಣ. ಒಂದು ದಿನ ತಪಾಸಣೆಗೆ ಸಾಹೇಬರು ಬಂದರು. ಟೀಚರ್ ಕೈಯಲ್ಲಿ ಪುಸ್ತಕ ನೋಡಿ ಮುಖ ಸಿಂಡರಿಸಿದರು.

"ಗೋಡೆಗೆ ಟಿವಿ ಹಾಕಿಸಿಕೊಟ್ಟಿದ್ದೀವಿ. ಇಂಗ್ಲಿಷನ್ನ ಇಂಟರ್ನೆಟ್ಟಲ್ಲೇ ಕಲಿಸಬೇಕು. ಈಗಲೇ ತೋರಿಸಿ, ಇಲ್ಲಾಂದ್ರೆ ನಾಳೆಯೇ ನಿಮ್ಮನ್ನ ಎತ್ತಂಗಡಿ ಮಾಡಿಸ್ತೀನಿ."

"ಆಗಲಿ ಸಾರ್. ಆದ್ರೆ ಟವರ್ ಇರೋದು ಪಕ್ಕದೂರಲ್ಲಿ, ಇಲ್ಲಿ ನೆಟ್ಟು ಸಿಗೋದು ತಾರಸಿ ಮೇಲೆ ಮಾತ್ರ. ಅಲ್ಲಿ ಯಾರಾದ್ರೂ ಫೋನು ಎತ್ತಿ ಹಿಡಿದ್ರೆ ಕೆಳಗೆ ಟಿವಿ ಓಡುತ್ತೆ. ಮಕ್ಕಳನ್ನ ಹತ್ತಿಸೋ ಹಾಗಿಲ್ಲ, ನಾನು ಪಾಠ ಮಾಡಬೇಕು. ತಾವೇ ದೊಡ್ಡ ಮನಸ್ಸು ಮಾಡಬೇಕು."

ಸಾಹೇಬರು ಏಣಿ ಹತ್ತಿದರು ಕಣ್ರಪ್ಪಾ, ಮಟಮಟ ಮಧ್ಯಾಹ್ನದಲ್ಲಿ. ಅವರು ಕೈ ಎತ್ತಿದರೆ ಟಿವಿಯಲ್ಲಿ ದೊರೆಸಾನಿ ಇಂಗ್ಲಿಷ್ ಮಾತಾಡ್ತಾಳೆ. ಕೈ ಇಳಿಸಿದರೆ ಬಾಯಿ ತೆರೆದಂಗೇ ನಿಂತುಬಿಡ್ತಾಳೆ. ಆಗೆಲ್ಲ ಟೀಚರ್ ಕಿಟಕಿಯಿಂದ ತಲೆ ಹಾಕಿ, "ಇನ್ನೊಂಚೂರು ಮೇಲೆ, ಸಾರ್" ಅಂತಾರೆ. ಹಿಂದೆಯೇ ಮಕ್ಕಳೂ ರಾಗವಾಗಿ, "ಮೇಲೆ, ಸಾರ್" ಅಂತಾವೆ. ಪಾಪ, ಸಾಹೇಬರ ಅಂಗಿ ಹಿಂಡಿದರೆ ಒಂದು ಬಿಂದಿಗೆ ಬೆವರು.

ಕೊನೆಗೆ ಮೇಲಿಂದ ಸೋತ ದನಿ ಬಂತು. "ಪುಸ್ತಕ ತೆಗೀರಮ್ಮ, ಸಾಕು."

"ನನ್ನ ಎತ್ತಂಗಡಿ, ಸಾರ್?"

"ನೀವಿಲ್ಲೇ ಇರಿ. ಎತ್ತಂಗಡಿ ಮಾಡಿಸಬೇಕಾದ್ದು ಪಕ್ಕದೂರಿನ ಆ ಟವರನ್ನ."