ಐದು ಜನ, ಎರಡು ಕುರಿ

ಶಿಷ್ಯ ಚನ್ನವೀರ ಗುರುಗಳ ಮುಂದೆ ಗುದ್ದಲಿ ಇಟ್ಟು ಕೇಳಿದ: "ಅಯ್ಯ, ಮಹಾಂತ ಹಗಲೆಲ್ಲ ಓದುತ್ತಾನೆ, ತೋಟದಲ್ಲಿ ಒಂದು ಗಳಿಗೆ ದುಡಿಯುತ್ತಾನೆ. ನಾನು ಹಗಲೆಲ್ಲ ದುಡಿಯುತ್ತೇನೆ, ಒಂದು ಗಳಿಗೆ ಓದುತ್ತೇನೆ. ತಾವು ಇಬ್ಬರಿಗೂ ಸರಿ ಎಂದಿರಿ. ಸರಿಯಾದದ್ದು ಒಂದೇ ಅಲ್ಲವೇ? ನನ್ನದು ತಪ್ಪಾಗಿದ್ದರೆ ಹೇಳಿಬಿಡಿ, ಮಠ ಬಿಟ್ಟು ಹೋಗುತ್ತೇನೆ."

ಗುರುಗಳು ನಕ್ಕರು. "ಹೋಗುವವನು ಊಟ ಮಾಡಿಕೊಂಡು ಹೋಗು. ಅನ್ನ ಬೇಯುವುದರೊಳಗೆ ಒಂದು ಕತೆ ಕೇಳು.

"ಒಬ್ಬ ಅಂಬಿಗನಿದ್ದ. ಅವನ ಅಪ್ಪ ಸಾಯುವಾಗ ಹರಿಗೋಲನ್ನು ಮಗನಿಗೆ ಕೊಟ್ಟು, 'ನಾಲ್ಕು ಜನ, ನಾಲ್ಕು ಕುರಿ. ಹೀಗೆ ಹತ್ತಿಸು, ಮುಳುಗುವುದಿಲ್ಲ' ಎಂದ. ಮಗ ಅದನ್ನೇ ಗಟ್ಟಿಯಾಗಿ ಹಿಡಿದ. ಮೂವರು ಆರು ಕುರಿ ತಂದರೆ ಹತ್ತಿಸುತ್ತಿರಲಿಲ್ಲ. ಇನ್ನೊಬ್ಬ ಬರಲಿ, ಎರಡು ಕುರಿ ಇಳಿಯಲಿ ಎನ್ನುತ್ತಿದ್ದ. ಜನ ಬೈಯುತ್ತ ಕಾಯುತ್ತಿದ್ದರು.

"ಒಂದು ದಿನ ಮದುಮಗನ ಕಡೆಯವರು ಬಂದರು. ಐದು ಜನ, ಹೆಣ್ಣಿಗೆ ಉಡುಗೊರೆಯಾಗಿ ಎರಡು ಕುರಿ. ಆಚೆ ದಡದಲ್ಲಿ ವಾಲಗ ಶುರುವಾಗಿತ್ತು. ಮುಹೂರ್ತ ತಪ್ಪಿದರೆ ಹೆಣ್ಣನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಬೀಗರು ಮೊದಲೇ ಹೇಳಿದ್ದರು. ಅಂಬಿಗ ಮಾತ್ರ, 'ಒಬ್ಬರು ಇಳಿಯಿರಿ, ಎರಡು ಕುರಿ ತನ್ನಿ' ಎಂದು ಕೂತ. ಮದುಮಗನಿಗೆ ಅಳುವೇ ಬಂತು.

"ಮದುಮಗನ ಅಜ್ಜಿ ಮುಂದೆ ಬಂದಳು. 'ಅಲ್ಲಪ್ಪಾ, ಒಬ್ಬ ಮನುಷ್ಯನ ಭಾರ ಎಷ್ಟು ಕುರಿಗೆ ಸಮ?'

"'ಎರಡು ಕುರಿಗೆ.'

"'ನಮ್ಮಲ್ಲಿ ಒಬ್ಬರು ಹೆಚ್ಚು, ಕುರಿ ಎರಡು ಕಮ್ಮಿ. ನಿನ್ನ ಹರಿಗೋಲಿಗೇನು ಗೊತ್ತಾಗುತ್ತದೆ, ಮಂಕೇ?'

"ಅಂಬಿಗ ಬೆರಳು ಮಡಿಸಿ ಎಣಿಸಿದ. ಹನ್ನೆರಡು ಕುರಿಯ ಭಾರ. ಅಪ್ಪ ಹೇಳಿದ್ದೂ ಅಷ್ಟೇ. ಹಾರಿಬಿದ್ದು ಹುಟ್ಟು ಹಾಕಿದ. ತಾಳಿ ಕಟ್ಟುವ ಹೊತ್ತಿಗೆ ಮದುಮಗ ಮಂಟಪದಲ್ಲಿದ್ದ.

"ಅಂದಿನಿಂದ ಅಂಬಿಗನಿಗೆ ಹಿಗ್ಗೋ ಹಿಗ್ಗು. ಮೂವರು ಆರು ಕುರಿ, ದಾಟಿಸಿದ. ಕುರಿಯೇ ಇಲ್ಲದೆ ಆರು ಜನ, ದಾಟಿಸಿದ. ಇಬ್ಬರು ಎಂಟು ಕುರಿ, ಅದೂ ದಾಟಿತು. ಮರುದಿನ ಎಂಟು ಜನ ಎರಡು ಕುರಿ ಬಂದಾಗ, ನಿನ್ನೆಯ ಲೆಕ್ಕವೇ ಅಲ್ಲವೇ ಎಂದು ಹತ್ತಿಸಿದ. ದಡ ಬಿಡುವ ಮೊದಲೇ ಹರಿಗೋಲು ಮುಳುಗಿತು. ಪುಣ್ಯ, ಮೊಣಕಾಲುದ್ದ ನೀರು. ಎಂಟೂ ಜನ ತೊಯ್ದು ತೊಪ್ಪೆಯಾಗಿ ನಗುತ್ತ ಎದ್ದರು. ಕುರಿಗಳು ಅವರಿಗಿಂತ ಮೊದಲೇ ದಡದಲ್ಲಿದ್ದವು. ಎರಡು ಯಾವುದು, ಎಂಟು ಯಾವುದು, ಜನವೋ ಕುರಿಯೋ ಎಂಬುದನ್ನು ಅವನು ಮರೆತಿದ್ದ. ಅಪ್ಪ ಮಗನ ಬುದ್ಧಿ ಬಲ್ಲವನು, ಅದಕ್ಕೇ ಆ ಲೆಕ್ಕ ಹೇಳಿಕೊಟ್ಟಿದ್ದ. ನಾಲ್ಕು ನಾಲ್ಕು ಎಂದರೆ ಹಿಂದುಮುಂದಾದರೂ ನಾಲ್ಕು ನಾಲ್ಕೇ ಅಲ್ಲವೇ?"

ಚನ್ನವೀರನ ಮುಖ ಅರಳಿತು. "ಹಾಗಾದರೆ ಅಯ್ಯ, ಮಹಾಂತನೂ ದಾಟುತ್ತಾನೆ, ನಾನೂ ದಾಟುತ್ತೇನೆ!"

"ಅವನು ಆಗಲೇ ನಡುಹೊಳೆಯಲ್ಲಿದ್ದಾನಪ್ಪ," ಎಂದರು ಗುರುಗಳು, "ನೀನಿನ್ನೂ ಅವನ ಕುರಿ ಎಣಿಸುತ್ತ ದಡದಲ್ಲೇ ನಿಂತಿದ್ದೀಯ."